ಆರ್‌ಎಕ್ಸ್ 100ರ ಟ್ಯಾಂಕೂ ಕಳೆದುಹೋದ ಎಲೆಕ್ಟ್ರಾನ್‌ಗಳೂ

ಗಾಡಿ ಎರಡು ಕಿಲೋಮೀಟರ್ ಚೆನ್ನಾಗಿ ಓಡುತ್ತದೆ, ಆಮೇಲೆ ಎಳೆದಾಡಿ ನಿಂತುಬಿಡುತ್ತದೆ. ಹತ್ತು ನಿಮಿಷ ಬಿಟ್ಟು ಕಿಕ್ ಹೊಡೆದರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತದೆ. ಮತ್ತೆ ಎರಡು ಕಿಲೋಮೀಟರ್, ಮತ್ತೆ ಅದೇ ಕಥೆ. ಪ್ಲಗ್ ಬದಲಾಯಿಸಿದ್ದಾಯಿತು, ಕಾಯಿಲ್ ಬದಲಾಯಿಸಿದ್ದಾಯಿತು, ಹ್ಯಾಂಡಲಿಗೆ ನಿಂಬೆಹಣ್ಣು ಕಟ್ಟಿದ್ದೂ ಆಯಿತು. ಕೊನೆಗೆ "ಈ ಗಾಡಿ ನಮಗೆ ಆಗಿಬರೋದಿಲ್ಲ" ಎಂದು ಬಂದ ಬೆಲೆಗೆ ಮಾರಿದವರು ಎಷ್ಟೋ ಜನ. ಅದರ ಪೆಟ್ರೋಲ್ ಕಾಕ್, ಅಂದರೆ ಟ್ಯಾಂಕಿನ ಕೆಳಗಿನ ನಲ್ಲಿ, ಬಿಚ್ಚಿ ಒಳಗಿನ ಜಾಲರಿಯನ್ನು ಬೆಳಕಿಗೆ ಹಿಡಿದು ನೋಡಬೇಕಿತ್ತು. ಕಾಫಿ ಗಸಿಯಂಥ ಕಂದು ಪುಡಿ ಜಾಲರಿಯ ಕಣ್ಣುಗಳನ್ನೆಲ್ಲ ಮುಚ್ಚಿರುತ್ತದೆ. ಪೆಟ್ರೋಲ್ ಅದರೊಳಗಿಂದ ಜಿನುಗುತ್ತದೆಯೇ ಹೊರತು ಹರಿಯುವುದಿಲ್ಲ. ಕಾರ್ಬ್ಯುರೇಟರಿನ ಬಟ್ಟಲಿನಲ್ಲಿ ಇದ್ದದ್ದು ಎರಡು ಕಿಲೋಮೀಟರಿಗೆ ಖಾಲಿಯಾಗುತ್ತದೆ, ಹತ್ತು ನಿಮಿಷ ಸುಮ್ಮನೆ ನಿಂತರೆ ಮತ್ತೆ ತುಂಬಿಕೊಳ್ಳುತ್ತದೆ. ಗ್ರಹಚಾರ ಅನ್ನುವುದು ಟ್ಯಾಂಕಿನೊಳಗಿನ ತುಕ್ಕು, ಅಷ್ಟೇ.

1985ರಿಂದ 1996ರವರೆಗೆ ಎಸ್ಕಾರ್ಟ್ಸ್ ಕಂಪನಿ ಯಮಾಹಾ ಜೊತೆಗೂಡಿ ನಮ್ಮ ದೇಶದಲ್ಲಿ ತಯಾರಿಸಿದ ಆರ್‌ಎಕ್ಸ್ 100 ಬೈಕು ಇವತ್ತಿಗೂ ಹಟ್ಟಿಗಳಲ್ಲಿ, ಅಡಿಕೆ ತೋಟದ ಶೆಡ್ಡುಗಳಲ್ಲಿ, ಮೆಟ್ಟಿಲ ಕೆಳಗಿನ ಕತ್ತಲಲ್ಲಿ ಸಿಗುತ್ತದೆ. 98 ಸಿಸಿಯ ಟೂ ಸ್ಟ್ರೋಕ್ ಎಂಜಿನ್, 11 ಅಶ್ವಶಕ್ತಿ. ಎಂಜಿನ್ ಕೆಲಸ ಬಲ್ಲವರಿಗೆ ಅದನ್ನು ಬಿಚ್ಚಿ ಜೋಡಿಸುವುದು ದೊಡ್ಡ ಮಾತಲ್ಲ. ಬೋರ್, ಪಿಸ್ಟನ್, ರಿಂಗು, ಕ್ರ್ಯಾಂಕಿನ ಎರಡೂ ಕಡೆಯ ಆಯಿಲ್ ಸೀಲು, ಎಲ್ಲಕ್ಕೂ ಲೆಕ್ಕವಿದೆ. ಲೆಕ್ಕ ತಪ್ಪಿಸುವುದು ತುಕ್ಕು. ಜನ ಅದನ್ನು ಕೊಳೆಯೆಂದು ಭಾವಿಸಿ ಉಜ್ಜುತ್ತಾರೆ, ಅದರ ಮೇಲೆ ಬಣ್ಣ ಬಳಿಯುತ್ತಾರೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬಣ್ಣದ ಕೆಳಗೆ ಗುಳ್ಳೆ ಎದ್ದಿರುತ್ತದೆ.

ಕೊಳೆ ಹೊರಗಿನಿಂದ ಬಂದು ಅಂಟಿಕೊಳ್ಳುವಂಥದ್ದು. ತುಕ್ಕು ಹಾಗಲ್ಲ, ಅದು ಕಬ್ಬಿಣವೇ. ತನ್ನ ಎಲೆಕ್ಟ್ರಾನ್‌ಗಳನ್ನು ಆಮ್ಲಜನಕಕ್ಕೆ ಬಿಟ್ಟುಕೊಟ್ಟು, ನೀರಿನ ಜೊತೆ ಸೇರಿ ಬೇರೆ ರೂಪಕ್ಕೆ ತಿರುಗಿದ ಕಬ್ಬಿಣ. ಈ ಕೊಡುಕೊಳ್ಳುವಿಕೆ ನಡೆಯಲು ಕೊಡುವವನು, ಪಡೆಯುವವನು, ಇಬ್ಬರ ನಡುವೆ ಎರಡು ದಾರಿ ಬೇಕು. ಎಲೆಕ್ಟ್ರಾನ್ ಲೋಹದೊಳಗಿಂದ ಸಾಗುತ್ತದೆ, ಅಯಾನುಗಳು, ಅಂದರೆ ವಿದ್ಯುದಂಶ ಹೊತ್ತ ಕಣಗಳು, ನೀರಿನೊಳಗಿಂದ ಸಾಗುತ್ತವೆ. ಬಾವಿಯ ರಾಟೆಯಲ್ಲಿ ಒಂದು ಕೊಡ ಇಳಿದರೇ ಇನ್ನೊಂದು ಮೇಲೇರುವುದು, ಹಗ್ಗ ಕಡಿದರೆ ಎರಡೂ ನಿಂತವು. ಇಲ್ಲೂ ಹಾಗೆಯೇ. ನೀರಿನ ದಾರಿ ಕಡಿದರೆ ತುಕ್ಕು ನಿಂತಿತು. ನೀರಿಗೆ ಉಪ್ಪು ಸೇರಿದರೆ ಆ ದಾರಿ ಹೆದ್ದಾರಿಯಾಗುತ್ತದೆ. ಕಾರವಾರ, ಮಂಗಳೂರಿನ ಗಾಡಿಗಳ ಸೈಲೆನ್ಸರು ಬಯಲುಸೀಮೆಯ ಗಾಡಿಗಳದ್ದಕ್ಕಿಂತ ಬೇಗ ತೂತಾಗುವುದು ಇದರಿಂದಲೇ.

ಇನ್ನೂ ಸೊಗಸಾದ ಸಂಗತಿಯೊಂದಿದೆ. 1920ರ ದಶಕದಲ್ಲಿ ಕೇಂಬ್ರಿಜ್‌ನ ಯೂಲಿಕ್ ಇವಾನ್ಸ್ ನುಣುಪಾದ ಕಬ್ಬಿಣದ ತಗಡಿನ ಮೇಲೆ ಒಂದೇ ಒಂದು ಉಪ್ಪುನೀರಿನ ಹನಿ ಇಟ್ಟು ನೋಡಿದರು. ಗಾಳಿ ಸುಲಭವಾಗಿ ಸಿಗುವ ಅಂಚಿನಲ್ಲಿ ಕಬ್ಬಿಣ ಕರಗಬೇಕಿತ್ತು ಎಂದು ನಮಗೆ ಅನ್ನಿಸುತ್ತದೆ. ಕರಗಿದ್ದು ನಡುವೆ, ಆಮ್ಲಜನಕ ಕಡಿಮೆ ಇದ್ದ ಕಡೆ! ಅಂಚಿನಲ್ಲಿ ಆಮ್ಲಜನಕ ಎಲೆಕ್ಟ್ರಾನ್ ಪಡೆಯುತ್ತಿತ್ತು, ಕೊಡುವ ಹೊರೆ ನಡುವಿನ ಕಬ್ಬಿಣದ ಮೇಲೆ ಬಿದ್ದಿತ್ತು. ಎರಡರ ನಡುವೆ ಕಂದು ಬಣ್ಣದ ಬಳೆಯೊಂದು ಮೂಡಿತು. ಊಟ ಮಾಡಿದವರು ಒಬ್ಬರು, ಬಿಲ್ ಕಟ್ಟಿದವರು ಇನ್ನೊಬ್ಬರು ಅಂದ ಹಾಗೆ.

ಇದೇ ಹನಿಯನ್ನು ಟ್ಯಾಂಕಿನ ತಳದಲ್ಲಿ ಇಟ್ಟು ನೋಡಿ. ಅರ್ಧ ಖಾಲಿ ಟ್ಯಾಂಕು ಹಗಲಿನ ಬಿಸಿಗೆ ಗಾಳಿ ಬಿಟ್ಟು, ರಾತ್ರಿಯ ತಂಪಿಗೆ ಒದ್ದೆ ಗಾಳಿ ಎಳೆದುಕೊಳ್ಳುತ್ತದೆ. ಆ ತೇವ ಹನಿಗಟ್ಟಿ ಇಳಿದು, ಪೆಟ್ರೋಲಿಗಿಂತ ಭಾರವಾದ್ದರಿಂದ ಕಾಕ್ ಪಕ್ಕದ ತಗ್ಗಿನಲ್ಲಿ ಕೂರುತ್ತದೆ. ಅದರ ಮೇಲೆ ತುಕ್ಕಿನ ಕೆಸರು. ಕೆಸರಿನ ಕೆಳಗೆ ಆಮ್ಲಜನಕ ಕಡಿಮೆ, ಹಾಗಾಗಿ ಅಲ್ಲೇ ತಗಡು ಆಳಕ್ಕೆ ಕೊರೆಯುತ್ತಾ ಹೋಗುತ್ತದೆ. ಸೂಜಿಮೊನೆಯಂಥ ತೂತುಗಳು ಹೆಚ್ಚಾಗಿ ತಳದ ಬೆಸುಗೆ ಸಾಲಿನ ಹತ್ತಿರ ಕಾಣಿಸಿಕೊಳ್ಳುವುದಕ್ಕೆ ಕಾರಣ ಇದು. ಈಗ ಬಂಕುಗಳಲ್ಲಿ ಸಿಗುವ ಎಥನಾಲ್ ಬೆರೆತ ಪೆಟ್ರೋಲು ಇನ್ನಷ್ಟು ತೇವ ಹೀರುತ್ತದೆ. ಮಿತಿ ಮೀರಿದಾಗ ಎಥನಾಲು ನೀರಿನ ಜೊತೆ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತದೆ. ತಿಂಗಳುಗಟ್ಟಲೆ ನಿಲ್ಲಿಸುವ ಹಳೆಯ ಗಾಡಿಗೆ ಅದು ಒಳ್ಳೆಯದಲ್ಲ.

ಎಲೆಕ್ಟ್ರಾನ್ ಕಳೆದುಕೊಂಡದ್ದೇ ರೋಗವಾದರೆ ಎಲೆಕ್ಟ್ರಾನ್ ಕೊಡುವುದೇ ಔಷಧಿ. ಈ ಯೋಚನೆಗೆ ಇನ್ನೂರು ವರ್ಷ ವಯಸ್ಸಾಗಿದೆ. ಬ್ರಿಟಿಷ್ ನೌಕಾಪಡೆಯ ಹಡಗುಗಳ ತಳಕ್ಕೆ ಹೊದಿಸಿದ್ದ ತಾಮ್ರದ ತಗಡು ಸಮುದ್ರದ ನೀರಿಗೆ ಸವೆಯುತ್ತಿತ್ತು. 1824ರಲ್ಲಿ ಹಂಫ್ರಿ ಡೇವಿ ಆ ತಾಮ್ರಕ್ಕೆ ಸತು ಅಥವಾ ಕಬ್ಬಿಣದ ತುಂಡು ಜೋಡಿಸಿದರು. ಸತು ತಾನು ಕರಗಿ ತಾಮ್ರಕ್ಕೆ ಎಲೆಕ್ಟ್ರಾನ್ ಕೊಟ್ಟಿತು, ತಾಮ್ರ ಉಳಿಯಿತು. ಆದರೆ ತಾಮ್ರ ಕರಗುವುದು ನಿಂತಾಗ ಅದರ ವಿಷವೂ ನಿಂತು, ಹಡಗಿನ ತಳಕ್ಕೆ ಪಾಚಿಯೂ ಚಿಪ್ಪುಜೀವಿಗಳೂ ಮುತ್ತಿಕೊಂಡವು, ಹಡಗು ನಿಧಾನವಾಯಿತು. ವಿಜ್ಞಾನ ಸರಿಯಾಗಿತ್ತು, ಹಡಗಿಗೆ ಬೇಕಾದದ್ದು ಬೇರೆಯಾಗಿತ್ತು. ಡೇವಿಯ ಸಹಾಯಕನಾಗಿದ್ದ ಮೈಕೆಲ್ ಫ್ಯಾರಡೆ ಮುಂದೆ ಹತ್ತು ವರ್ಷಗಳಲ್ಲಿ ವಿದ್ಯುತ್ತಿಗೂ ಲೋಹಕ್ಕೂ ನಡುವಿನ ಲೆಕ್ಕಾಚಾರವನ್ನೇ ನಿಯಮವಾಗಿ ಬರೆದ. ಆ ನಿಯಮ ಕೆಳಗೆ ನಮಗೆ ಬೇಕಾಗುತ್ತದೆ.

ಟ್ಯಾಂಕಿಗೆ ಕರೆಂಟು ಹಾಯಿಸಿ ಎಲೆಕ್ಟ್ರಾನ್ ಕೊಡುವ ಕೆಲಸಕ್ಕೆ ಬೇಕಾದ ಸಾಮಾನು ಕಡಿಮೆ. 150 ಗ್ರಾಂ ವಾಷಿಂಗ್ ಸೋಡಾ, ಅಂದರೆ ಬಟ್ಟೆ ಸೋಡಾ, ಅಡುಗೆ ಸೋಡಾ ಅಲ್ಲ. ಗುಜರಿಯಲ್ಲಿ ಸಿಗುವ 8 ಮಿಲಿಮೀಟರಿನ ಒಂದು ಕಬ್ಬಿಣದ ಸರಳು. ಹಳೆಯ ಟ್ರಾನ್ಸ್‌ಫಾರ್ಮರ್ ಮಾದರಿಯ 12 ವೋಲ್ಟ್ ಬ್ಯಾಟರಿ ಚಾರ್ಜರ್, ಇಲ್ಲವೇ ಸಿಸಿಟಿವಿಗೆ ಹಾಕುವ 12 ವೋಲ್ಟ್ 5 ಆಂಪಿಯರ್ ಪವರ್ ಸಪ್ಲೈ. ಹೊಸ ಆಟೊಮ್ಯಾಟಿಕ್ ಚಾರ್ಜರುಗಳಲ್ಲಿ ಹೆಚ್ಚಿನವು ಎದುರಿಗೆ ಬ್ಯಾಟರಿ ಕಾಣದೆ ಕರೆಂಟ್ ಬಿಡುವುದಿಲ್ಲ. ಪಾಸಿಟಿವ್ ತಂತಿಯ ನಡುವೆ 12 ವೋಲ್ಟ್ 35 ವ್ಯಾಟಿನ ಒಂದು ಹೆಡ್‌ಲೈಟ್ ಬಲ್ಬ್ ಸೇರಿಸಿ. ಸರಳು ಅಕಸ್ಮಾತ್ ಟ್ಯಾಂಕಿಗೆ ತಗುಲಿದರೆ ಬಲ್ಬ್ ಪೂರ್ತಿ ಉರಿದು ತಿಳಿಸುತ್ತದೆ, ಚಾರ್ಜರ್ ಸುಡುವುದಿಲ್ಲ.

ಮೊದಲು ಪೆಟ್ರೋಲ್ ವಾಸನೆ ಪೂರ್ತಿ ಹೋಗಬೇಕು. ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಬಿಸಿನೀರಿನಲ್ಲಿ ನಾಲ್ಕೈದು ಸಲ ಕುಲುಕಿ ಚೆಲ್ಲಿ. ಎಣ್ಣೆಯಂಶ ಉಳಿದರೆ ಕರೆಂಟೂ ಸರಿಯಾಗಿ ಹರಿಯುವುದಿಲ್ಲ. ಕಾಕ್ ಬಿಚ್ಚಿ ಆ ಜಾಗವನ್ನು ರಬ್ಬರ್ ಹಾಳೆ ಮತ್ತು ಕಬ್ಬಿಣದ ಪಟ್ಟಿಯಿಂದ ಮುಚ್ಚಿ. ಕಾಕ್, ಕಾರ್ಬ್ಯುರೇಟರ್, ಎಂಜಿನ್ ಕವರ್ ಮುಂತಾದ ಅಲ್ಯುಮಿನಿಯಂ, ಸತುವಿನ ಭಾಗಗಳು ವಾಷಿಂಗ್ ಸೋಡಾ ಕರಗಿಸಿದ ನೀರಿಗೆ ಬೀಳಬಾರದು, ಕ್ಷಾರ ಅವನ್ನು ತಿನ್ನುತ್ತದೆ. ಸುಮಾರು 10 ಲೀಟರಿನ ಟ್ಯಾಂಕನ್ನು ಸೋಡಾ ನೀರಿನಿಂದ ಬಾಯಿಯವರೆಗೆ ತುಂಬಿ, ತೂತು ಕೊರೆದ ಮರದ ಬಿಲ್ಲೆಯಲ್ಲಿ ಸರಳನ್ನು ಸಿಕ್ಕಿಸಿ, ಎಲ್ಲೂ ತಗುಲದಂತೆ ಒಳಗೆ ತೂಗುಹಾಕಿ. ನೆಗೆಟಿವ್ ಟ್ಯಾಂಕಿಗೆ, ಪಾಸಿಟಿವ್ ಸರಳಿಗೆ. ಉಲ್ಟಾ ಕೊಟ್ಟರೆ ಟ್ಯಾಂಕೇ ಕರಗುತ್ತದೆ, ಆದ್ದರಿಂದ ಸ್ವಿಚ್ ಹಾಕುವ ಮುಂಚೆ ಎರಡು ಸಲ ನೋಡಿ.

ಇಲ್ಲಿ ಮೂರು ತಪ್ಪುಗಳು ಅಪಾಯದವು. ಸೋಡಾ ಬದಲು ಅಡುಗೆ ಉಪ್ಪು ಹಾಕಿದರೆ ಸರಳಿನ ಬಳಿ ಕ್ಲೋರಿನ್ ಅನಿಲ ಬರುತ್ತದೆ. ಸರಳಿನ ಬದಲು ಸ್ಟೀಲ್ ಚಮಚ ಇಳಿಬಿಟ್ಟರೆ ಅದರೊಳಗಿನ ಕ್ರೋಮಿಯಂ ಕರಗಿ, ಕ್ಯಾನ್ಸರ್ ತರುವ ರೂಪಕ್ಕೆ ತಿರುಗುತ್ತದೆ. ಮೂರನೆಯದು ಮುಚ್ಚಿದ ಕೋಣೆ. ಫ್ಯಾರಡೆ ಲೆಕ್ಕದಂತೆ 3 ಆಂಪಿಯರ್ ಕರೆಂಟು 12 ಗಂಟೆ ಹರಿದರೆ 15 ಲೀಟರಿಗೂ ಹೆಚ್ಚು ಹೈಡ್ರೋಜನ್ ಹೊರಬರುತ್ತದೆ, ಟ್ಯಾಂಕಿನ ಗಾತ್ರಕ್ಕಿಂತ ಹೆಚ್ಚು. ಗಾಳಿಯಲ್ಲಿ ಶೇಕಡ 4ರಷ್ಟು ಸೇರಿದರೂ ಅದು ಹೊತ್ತಿಕೊಳ್ಳಬಲ್ಲದು. ಅಂಗಳದಲ್ಲಿ ಅಥವಾ ತಾರಸಿಯಲ್ಲಿ, ಮಳೆ ತಾಗದ ಕಡೆ ಇಡಿ. ತಂತಿ ಕಳಚುವ ಮುಂಚೆ ಸ್ವಿಚ್ ಆರಿಸಿ, ಟ್ಯಾಂಕಿನ ಬಾಯಲ್ಲಿ ಕಿಡಿ ಹಾರಬಾರದು.

ಸ್ವಿಚ್ ಹಾಕಿದ ನಿಮಿಷದಲ್ಲಿ ಸಣ್ಣ ಗುಳ್ಳೆಗಳ ಸುಯ್ ಸದ್ದು ಕೇಳುತ್ತದೆ. ಅರ್ಧ ಗಂಟೆಗೆ ನೀರಿನ ಮೇಲೆ ಬೂದು ನೊರೆ, ಎರಡು ಗಂಟೆಗೆ ಅದು ಕಿತ್ತಳೆ ಕೆಸರು. ಸರಳಿಗೆ ದಪ್ಪ ತುಕ್ಕು ಕಟ್ಟಿ ಕರೆಂಟ್ ಕುಸಿಯುತ್ತದೆ, ಮೂರು ನಾಲ್ಕು ಗಂಟೆಗೊಮ್ಮೆ ಸ್ವಿಚ್ ಆರಿಸಿ ತೆಗೆದು ತಂತಿ ಬ್ರಷ್ಷಿನಿಂದ ಉಜ್ಜಿ ಮತ್ತೆ ಇಳಿಬಿಡಬೇಕು. ತುಕ್ಕು ಮತ್ತೆ ಗಟ್ಟಿ ಕಬ್ಬಿಣವಾಗಿ ಮರಳುತ್ತದೆ ಎಂದು ಹೇಳುವವರಿದ್ದಾರೆ, ಅದು ನಿಜವಲ್ಲ. ಕೆಂಪು ತುಕ್ಕು ಎಲೆಕ್ಟ್ರಾನ್ ಪಡೆದು ಬಹುಮಟ್ಟಿಗೆ ಮ್ಯಾಗ್ನಟೈಟ್ ಎಂಬ ಕರಿಯ, ಸಡಿಲ ಪುಡಿಯಾಗುತ್ತದೆ. ಹೈಡ್ರೋಜನ್ ಗುಳ್ಳೆಗಳು ಅದನ್ನು ಅಡಿಯಿಂದ ಎಬ್ಬಿಸುತ್ತವೆ. ತೂತಾದ ತಗಡು ತುಂಬಿಕೊಳ್ಳುವುದಿಲ್ಲ. ಈ ವಿಧಾನದ ದೊಡ್ಡ ಗುಣ ಬೇರೆ ಇದೆ. ಎಲೆಕ್ಟ್ರಾನ್ ಸಿಗುತ್ತಿರುವವರೆಗೆ ಒಳ್ಳೆಯ ಕಬ್ಬಿಣಕ್ಕೆ ಏನೂ ಆಗುವುದಿಲ್ಲ. ಟಾಯ್ಲೆಟ್ ತೊಳೆಯುವ ಆಸಿಡ್ಡಿಗೆ ಆ ವಿವೇಚನೆಯಿಲ್ಲ, ತುಕ್ಕನ್ನೂ ತಗಡನ್ನೂ ಒಟ್ಟಿಗೆ ತಿನ್ನುತ್ತದೆ. ಕುಳಿಗಳಲ್ಲಿ ಅದು ಉಳಿಸಿಹೋಗುವ ಕ್ಲೋರೈಡು ವಾರದೊಳಗೆ ಹೊಸ ತುಕ್ಕಿಗೆ ಬಿತ್ತನೆಯಾಗುತ್ತದೆ.

ಒಂದು ಮಿತಿ ಇದೆ. ಕರೆಂಟು ಸರಳಿಗೆ ಹತ್ತಿರದ, ನೇರವಾಗಿ ಎದುರಿರುವ ಜಾಗಕ್ಕೇ ಹೆಚ್ಚು ಹರಿಯುತ್ತದೆ. ನಾಲೆಯ ತಲೆಭಾಗದ ಗದ್ದೆಗೆ ನೀರು ಧಾರಾಳ, ಕೊನೆಭಾಗದ ರೈತನಿಗೆ ಕಾಯುವ ಪಾಡು, ಹಾಗೆ. ಚಾಸಿಯ ಪೈಪಿನ ಮೇಲೆ ಕೂರಲು ಟ್ಯಾಂಕಿನ ಹೊಟ್ಟೆಯ ನಡುವೆ ಉದ್ದಕ್ಕೂ ಉಬ್ಬು ಇರುತ್ತದೆ, ಅದರಿಂದ ಒಳಗೆ ಎಡಬಲ ಎರಡು ಕಣಿವೆ. ನೆಟ್ಟಗಿನ ಸರಳಿನಿಂದ ಎರಡೂ ಕಡೆಯ ತಳ ಸ್ವಚ್ಛವಾಗುವುದಿಲ್ಲ. ಸರಳನ್ನು ಬಗ್ಗಿಸಿ ಅರ್ಧ ದಿನ ಎಡಗಣಿವೆಗೆ, ಅರ್ಧ ದಿನ ಬಲಗಣಿವೆಗೆ ತಿರುಗಿಸಿಡಿ. ತಗುಲದಿರಲೆಂದು ತುದಿಗೆ ತೂತು ಮಾಡಿದ ಪ್ಲಾಸ್ಟಿಕ್ ಪೈಪಿನ ತುಂಡು ತೊಡಿಸಿ.

ನೀರು ಚೆಲ್ಲಿ, ಒಂದು ಹಿಡಿ ನಟ್ಟು ಹಾಕಿ ಕುಲುಕಿ, ಕರಿಪುಡಿ ಹೋಗುವವರೆಗೆ ಜಾಲಿಸಿ. ಆಮೇಲೆ ಗಡಿಯಾರದ ಜೊತೆ ಪಂದ್ಯ. ಬರಿಮೈ ಕಬ್ಬಿಣ ಒದ್ದೆಯಿದ್ದರೆ ನಿಮಿಷಗಳಲ್ಲೇ ತೆಳು ಕಿತ್ತಳೆ ಬಣ್ಣ ಬಂದುಬಿಡುತ್ತದೆ. ಇದಕ್ಕೆ ಫಾಸ್ಫಾರಿಕ್ ಆಮ್ಲ ಒಳ್ಳೆಯದು. ಶೇಕಡ 85ರ ಆಮ್ಲ ಒಂದು ಪಾಲು, ನೀರು ಹತ್ತು ಪಾಲು. ನೀರಿಗೆ ಆಮ್ಲ ಸುರಿಯಬೇಕು, ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ. ಇಂಥ ಒಂದು ಲೀಟರ್ ದ್ರಾವಣವನ್ನು ಹದಿನೈದು ನಿಮಿಷ ಎಲ್ಲ ಮೂಲೆಗೂ ಓಡಾಡಿಸಿ ಚೆಲ್ಲಿ, ಒಮ್ಮೆ ನೀರು ಹಾಯಿಸಿ, ತಕ್ಷಣ ಹೇರ್ ಡ್ರೈಯರಿನಿಂದ ಒಣಗಿಸಿ. ಟ್ಯಾಂಕಿನಲ್ಲಿ ಸೋಡಾ ಉಳಿದಿದ್ದರೆ ಆಮ್ಲ ಅದರೊಡನೆಯೇ ಮುಗಿದುಹೋಗುತ್ತದೆ, ಆದ್ದರಿಂದ ಮೊದಲಿನ ಜಾಲಿಸುವಿಕೆಯಲ್ಲಿ ಜುಗ್ಗತನ ಬೇಡ. ಒಣಗಿದ ತಗಡು ಮಂಕು ಬೂದುಬಣ್ಣಕ್ಕೆ ಬಂದರೆ ಕಬ್ಬಿಣದ ಫಾಸ್ಫೇಟ್ ಪೊರೆ ಕೂತಿತು.

ದೆಹಲಿಯ ಕಬ್ಬಿಣದ ಸ್ತಂಭ 1600 ವರ್ಷ ಉಳಿದದ್ದರ ಹಿಂದೆಯೂ ಫಾಸ್ಫೇಟಿದೆ. ಅದು "ತುಕ್ಕೇ ಹಿಡಿಯದ ನಿಗೂಢ ಲೋಹ" ಎಂದು ವಾಟ್ಸ್ಯಾಪಿನಲ್ಲಿ ಓಡಾಡುವ ಮಾತು ಆ ಕಮ್ಮಾರರ ನಿಜವಾದ ಹೆಚ್ಚುಗಾರಿಕೆಯನ್ನೇ ಮರೆಸುತ್ತದೆ. ಸ್ತಂಭಕ್ಕೆ ತೆಳುವಾದ ತುಕ್ಕು ಇದೆ. ಕಾನ್ಪುರ ಐಐಟಿಯ ಆರ್. ಬಾಲಸುಬ್ರಮಣ್ಯಂ ತೋರಿಸಿಕೊಟ್ಟಂತೆ, ಆ ಕಬ್ಬಿಣದಲ್ಲಿ ರಂಜಕದ (ಫಾಸ್ಫರಸ್) ಅಂಶ ಹೆಚ್ಚಿದ್ದು, ಮೇಲ್ಮೈಯಲ್ಲಿ ಒತ್ತಾಗಿ ಕೂತ ಫಾಸ್ಫೇಟ್ ಪದರವೇ ಒಳಗಿನ ಲೋಹವನ್ನು ಕಾಯುತ್ತಿದೆ. ಮಾಮೂಲಿ ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡು ಮೂರು ಪಟ್ಟು ಉಬ್ಬಿ, ಬೆಂದ ರೊಟ್ಟಿಯ ಪದರದಂತೆ ಏಳುತ್ತದೆ. ಆ ಪದರಗಳ ಸಂದಿನಲ್ಲಿ ನೀರು ನಿಲ್ಲುತ್ತದೆ. ನಮ್ಮ ಕೊಡಚಾದ್ರಿಯಲ್ಲಿ, ಆದಿ ಮೂಕಾಂಬಿಕೆ ದೇಗುಲದ ಎದುರು, ಪಶ್ಚಿಮಘಟ್ಟದ ಅಷ್ಟು ಮಳೆಗೆ ಮೈಯೊಡ್ಡಿ ಇನ್ನೊಂದು ಕಬ್ಬಿಣದ ಕಂಬ ನಿಂತಿದೆ. ದೇವಿಯ ತ್ರಿಶೂಲವೆಂದು ನಂಬಿ ನಮಸ್ಕರಿಸುವವರು ಅದನ್ನು ಬಡಿದು ಎತ್ತಿ ನಿಲ್ಲಿಸಿದ ಕೈಗಳನ್ನೂ ಒಮ್ಮೆ ನೆನೆಯಲಿ.

ಬಂಪರ್, ಸ್ಟ್ಯಾಂಡು, ಬ್ರಾಕೆಟ್ಟುಗಳನ್ನು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಇದೇ ರೀತಿ ಶುಚಿ ಮಾಡಬಹುದು. ಸ್ಪ್ರಿಂಗು, ಚೈನು, ಆಕ್ಸಲ್, ಹೈ ಟೆನ್ಸೈಲ್ ಬೋಲ್ಟುಗಳು ಮಾತ್ರ ಬೇಡ. ಹೈಡ್ರೋಜನ್ ಗಟ್ಟಿ ಉಕ್ಕಿನೊಳಗೆ ಹೊಕ್ಕು ಅದನ್ನು ಪೆಡಸಾಗಿಸುತ್ತದೆ, ಓಡುವಾಗ ಮುರಿಯಬಹುದು. ಚಾಸಿಯನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಅದೇ ದಿನ ಪ್ರೈಮರ್ ಹೊಡೆಯಿರಿ. ರೆಡ್ ಆಕ್ಸೈಡ್ ಪ್ರೈಮರಿನ ಕೆಂಪು ಬಣ್ಣವೂ ಕಬ್ಬಿಣದ ಆಕ್ಸೈಡೇ, ತುಕ್ಕಿನ ಒಣ ಬಂಧು! ಕಾಯುವುದು ಆ ಬಣ್ಣವಲ್ಲ, ಅದನ್ನು ಹಿಡಿದಿರುವ ಅಂಟಿನ ಪೊರೆ.

ಎಂಜಿನ್ ಕವರಿನ ಸ್ಕ್ರೂಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಜಪಾನಿ ಗಾಡಿಗಳ ಸ್ಟಾರ್ ಸ್ಕ್ರೂ ನೋಡಲು ಫಿಲಿಪ್ಸ್‌ನಂತಿದ್ದರೂ ಅದು ಜೆಐಎಸ್, ಅಂದರೆ ಜಪಾನಿನ ಕೈಗಾರಿಕಾ ಮಾನದಂಡದ, ಅಳತೆಯದು, ತಲೆಯ ಮೇಲೆ ಸಣ್ಣ ಚುಕ್ಕೆ ಇರುವುದುಂಟು. ಮಾಮೂಲಿ ಸ್ಕ್ರೂಡ್ರೈವರ್ ಅದರಲ್ಲಿ ಪೂರ್ತಿ ಕೂರದೆ ಜಾರಿ ತಲೆ ಸವೆಸುತ್ತದೆ. ಸ್ಕ್ರೂಡ್ರೈವರಿನ ಮೊನೆಯನ್ನು ಕೂದಲೆಳೆಯಷ್ಟು ಸಾಣೆ ಹಿಡಿದರೆ ಆಳಕ್ಕೆ ಇಳಿಯುತ್ತದೆ. ಆಮೇಲೆ ಇಂಪ್ಯಾಕ್ಟ್ ಡ್ರೈವರ್, ಅಂದರೆ ಸುತ್ತಿಗೆಯಿಂದ ಹೊಡೆದರೆ ತಿರುಗುವ ಸ್ಕ್ರೂಡ್ರೈವರ್. ಅದಕ್ಕೂ ಜಗ್ಗದಿದ್ದರೆ ಕವರಿಗೆ ಹೀಟ್ ಗನ್ ಹಿಡಿಯಿರಿ. ಅಲ್ಯುಮಿನಿಯಂ ಉಕ್ಕಿಗಿಂತ ಹೆಚ್ಚು ಕಡಿಮೆ ಎರಡರಷ್ಟು ಹಿಗ್ಗುವುದರಿಂದ ಹಿಡಿತ ಸಡಿಲವಾಗುತ್ತದೆ.

ಟ್ಯಾಂಕು ಒಣಗಿದ ಮೇಲೆ 200 ಮಿಲಿಲೀಟರ್ ಟೂಟಿ (ಟೂ ಸ್ಟ್ರೋಕ್) ಆಯಿಲ್ ಹಾಕಿ ಒಳಗೆಲ್ಲ ಸವರುವಂತೆ ಹೊರಳಿಸಿ. ಟ್ಯಾಂಕಿನೊಳಗೆ ಬಳಿಯುವ ಎಪಾಕ್ಸಿ ಲೇಪ ತೂತಿಲ್ಲದ ಟ್ಯಾಂಕಿಗೆ ಬೇಡವೇ ಬೇಡ, ಅದು ಚಕ್ಕೆಯೆದ್ದರೆ ತುಕ್ಕಿಗಿಂತ ಕೆಟ್ಟದಾಗಿ ಜಾಲರಿ ಕಟ್ಟಿಕೊಳ್ಳುತ್ತದೆ. ಸೂಜಿ ತೂತಿದ್ದರೆ ಮೊದಲು ಬ್ರೇಜಿಂಗ್, ಅಂದರೆ ಹಿತ್ತಾಳೆಯ ಬೆಸುಗೆ, ಮಾಡಿಸಿ. ಹೊಸ ಕಾಕ್ ಜಾಲರಿ ಹಾಕಿ, ಪೈಪಿನ ನಡುವೆ ಒಂದು ಪಾರದರ್ಶಕ ಪೆಟ್ರೋಲ್ ಫಿಲ್ಟರ್ ಸೇರಿಸಿ. ಮೊದಲ 100 ಕಿಲೋಮೀಟರಿಗೆ ಅದರ ತಳದಲ್ಲಿ ಚಿಟಿಕೆಯಷ್ಟು ಕರಿಪುಡಿ ಕಂಡರೆ ಗಾಬರಿ ಬೇಡ, ಅದು ಉಳಿದಿದ್ದ ಮ್ಯಾಗ್ನಟೈಟ್. ಫಿಲ್ಟರ್ ಬದಲಾಯಿಸಿ. 500 ಕಿಲೋಮೀಟರಿನ ಹೊತ್ತಿಗೆ ಕೆಂಪುಪುಡಿ ಕಂಡರೆ ಯಾವುದೋ ಮೂಲೆಗೆ ಕರೆಂಟು ತಲುಪಿರಲಿಲ್ಲ. ಸರಳನ್ನು ಇನ್ನೊಂದು ರೀತಿಯಲ್ಲಿ ಬಗ್ಗಿಸಿ, ಮತ್ತೊಮ್ಮೆ ಸೋಡಾ ನೀರು ತುಂಬಬೇಕು.