ಟ್ರೋಜನ್ ಕ್ಷುದ್ರಗ್ರಹ ಅಂದರೆ ಏನು?

ಕ್ಷುದ್ರಗ್ರಹ ಅಂದ ಕೂಡಲೇ ಮಂಗಳ, ಗುರು ಗ್ರಹಗಳ ನಡುವಿನ ಪಟ್ಟಿ ನೆನಪಾಗುತ್ತದೆ ಅಲ್ವಾ? ಟ್ರೋಜನ್‌ಗಳು ಅಲ್ಲಿಯವಲ್ಲ. ಇವು ಗುರುವಿನ ಕಕ್ಷೆಯಲ್ಲೇ ಸೂರ್ಯನನ್ನು ಸುತ್ತುತ್ತವೆ. ಒಂದು ಗುಂಪು ಗುರುವಿಗಿಂತ 60 ಡಿಗ್ರಿ ಮುಂದೆ, ಇನ್ನೊಂದು 60 ಡಿಗ್ರಿ ಹಿಂದೆ. ಇಂಥ ಜಾಗದಲ್ಲಿ ಸಣ್ಣ ಕಾಯವೊಂದು ನೆಲೆ ನಿಲ್ಲಬಹುದು ಎಂದು ಗಣಿತಜ್ಞ ಲಗ್ರಾಂಜ್ 1772ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಮೊದಲನೆಯದು ಸಿಕ್ಕಿದ್ದು 1906ರಲ್ಲಿ, ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ, ಖಗೋಳಜ್ಞ ಮ್ಯಾಕ್ಸ್ ವೋಲ್ಫ್ ಅವರಿಗೆ. ಅದಕ್ಕೆ ಅಕಿಲೀಸ್ ಎಂದು ಹೆಸರಿಟ್ಟರು. ಆಮೇಲೆ ಸಿಕ್ಕವಕ್ಕೂ ಗ್ರೀಕ್ ಪುರಾಣದ ಟ್ರಾಯ್ ಯುದ್ಧದ ವೀರರ ಹೆಸರು ಬಂತು. ಗುಂಪಿಗೆ ಟ್ರೋಜನ್ ಅನ್ನುವುದು ಅದಕ್ಕೇ.

ಇವು ಅಲ್ಲೇ ಹುಟ್ಟಿದವಾಗಿದ್ದರೆ ಹೆಚ್ಚುಕಡಿಮೆ ಗುರುವಿನ ಮಟ್ಟದಲ್ಲೇ ಸುತ್ತಬೇಕಿತ್ತು. ಹಾಗಿಲ್ಲ. ಕೆಲವುಗಳ ದಾರಿ 30 ಡಿಗ್ರಿಗೂ ಜಾಸ್ತಿ ಓರೆ. ಇದಕ್ಕೆ ಒಪ್ಪುವಂಥ ಉತ್ತರ ಸಿಕ್ಕಿದ್ದು 2005ರಲ್ಲಿ, ದೊಡ್ಡ ಗ್ರಹಗಳು ಹೇಗೆ ಜಾಗ ಬದಲಿಸಿದವು ಎಂದು ವಿವರಿಸುವ ‘ನೀಸ್ ಮಾದರಿ’ಯಿಂದ. ಸೌರವ್ಯೂಹ ಎಳೆಯದಾಗಿದ್ದಾಗ ದೊಡ್ಡ ಗ್ರಹಗಳು ಈಗಿರುವ ಜಾಗದಲ್ಲಿರಲಿಲ್ಲ. ಅವು ಜಾಗ ಬದಲಿಸುವಾಗ ಹೊರವಲಯದ ಹಿಮದ ಕಾಯಗಳು ದಿಕ್ಕಾಪಾಲಾದವು. ಹಾಗೆ ಒಳಗೆ ಬಂದ ಕೆಲವು ಗುರುವಿನ ಹಿಂದೆ ಮುಂದೆ ಸಿಕ್ಕಿಬಿದ್ದವು.

ಆದರೆ ಈ ಗದ್ದಲ ಯಾವಾಗ ಆಯಿತು? ಸೌರವ್ಯೂಹ ಹುಟ್ಟಿ ಸುಮಾರು 70 ಕೋಟಿ ವರ್ಷದ ಮೇಲೆ ಎಂದು ಬಹಳ ಕಾಲ ನಂಬಿದ್ದರು. ನಂಬಿಕೆ ಅಲುಗಾಡಿಸಿದ್ದು ಪ್ಯಾಟ್ರೋಕ್ಲಸ್ ಎಂಬ ಟ್ರೋಜನ್. ಇದು ಒಂದಲ್ಲ, ಜೋಡಿ. ಜೊತೆಗಾರನ ಹೆಸರು ಮೆನೀಷಿಯಸ್. ಎರಡೂ 100 ಕಿಲೋಮೀಟರಿಗಿಂತ ಸ್ವಲ್ಪ ದೊಡ್ಡವು. ನಡುವೆ ಸುಮಾರು 680 ಕಿಲೋಮೀಟರ್ ಬಿಟ್ಟುಕೊಂಡು, ನಾಲ್ಕು ದಿನ ಚಿಲ್ಲರೆಯಲ್ಲಿ ಒಂದನ್ನೊಂದು ಸುತ್ತುತ್ತವೆ. ಇವುಗಳ ನಡುವಿನ ಹಿಡಿತ ಬಹಳ ಸಡಿಲ. ಒಂದಕ್ಕೆ ಜೋರಾದ ಏಟು ಬಿದ್ದರೂ ಸಾಕು, ಜೋಡಿ ಬೇರೆಯಾಗುತ್ತದೆ. ಗುರುವಿನ ಬಳಿ ಬರುವ ಮೊದಲು ಇವು ಇದ್ದ ಹೊರವಲಯದಲ್ಲಂತೂ ಕಾಯಗಳು ಕಿಕ್ಕಿರಿದಿದ್ದವು, ಡಿಕ್ಕಿ ತಪ್ಪಿದ್ದಲ್ಲ. ಅಲ್ಲಿ 70 ಕೋಟಿ ವರ್ಷ ಈ ಜೋಡಿ ಉಳಿಯುವುದು ತೀರಾ ಕಷ್ಟ. ಹಾಗಾಗಿ ಮೊದಲ 10 ಕೋಟಿ ವರ್ಷದೊಳಗೇ ಗ್ರಹಗಳು ಜಾಗ ಬದಲಿಸಿರಬೇಕು ಎಂದು 2018ರ ಅಧ್ಯಯನವೊಂದು ವಾದಿಸಿತು. ಬರೀ ಒಂದು ಜೋಡಿ ಒಡೆಯದೆ ಉಳಿದದ್ದರಿಂದ ಇಷ್ಟು ದೊಡ್ಡ ವಿಷಯ ತಿಳಿಯಿತಲ್ಲ, ನನಗೆ ಅದೇ ಬೆರಗು.

2021ರಲ್ಲಿ ಹೊರಟ ನಾಸಾದ ಲೂಸಿ ನೌಕೆ 2027ರಲ್ಲಿ ಮೊದಲ ಸಲ ಒಂದು ಟ್ರೋಜನ್‌ನ ಹತ್ತಿರ ಹಾದುಹೋಗಲಿದೆ. 2033ರಲ್ಲಿ ಪ್ಯಾಟ್ರೋಕ್ಲಸ್ ಜೋಡಿಯ ಪಕ್ಕದಲ್ಲೇ ಹಾದುಹೋಗಲಿದೆ. ಆಗ ಅವುಗಳ ಮೈಮೇಲಿನ ಕುಳಿಗಳನ್ನು ಎಣಿಸಿದರೆ, ಎಷ್ಟು ಏಟು ತಿಂದಿವೆ ಎಂದು ನೇರವಾಗಿ ನೋಡಬಹುದು.