ಬಿತ್ತಿದ ಮೇಲೆ ಕೇಳೋರಿಲ್ಲ

1998ರ ನವೆಂಬರ್ ಕೊನೆ. ಸಿಂಧನೂರು ತಾಲ್ಲೂಕಿನ ಒಂದು ಹತ್ತಿ ಹೊಲಕ್ಕೆ ಹಸಿರು ಶಾಲಿನವರು ನುಗ್ಗಿದರು. ಗಿಡ ಕಿತ್ತರು, ಗುಡ್ಡೆ ಹಾಕಿದರು, ಬೆಂಕಿ ಇಟ್ಟರು. ಕದ್ದುಮುಚ್ಚಿ ಮಾಡಿದ್ದಲ್ಲ. ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅವರ ರೈತ ಸಂಘ ಮೊದಲೇ ಸಾರಿ ಹೇಳಿತ್ತು. ಅಮೆರಿಕದ ಬೀಜ ಕಂಪನಿಯ ಹೆಸರಲ್ಲಿ ‘ಮಾನ್ಸಾಂಟೊ ದಹನ’ ಅಂತ ಹೆಸರೂ ಇಟ್ಟಿತ್ತು.

ಸುಟ್ಟಿದ್ದು ಬಿಟಿ ಹತ್ತಿ. ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯಾದ ಜೀನನ್ನು ಹತ್ತಿಗೆ ಸೇರಿಸಿದರೆ ಗಿಡವೇ ವಿಷ ತಯಾರಿಸುತ್ತದೆ, ತಿಂದ ಕಾಯಿಕೊರಕ ಸಾಯುತ್ತದೆ. ಇದರ ಪ್ರಯೋಗ ಆಗ ನಡೆಯುತ್ತಿತ್ತು. ತನ್ನ ಹೊಲದಲ್ಲಿ ಏನು ಬೆಳೆಯುತ್ತಿದೆ ಎಂಬುದು ಹೊಲದ ಒಡೆಯನಿಗೇ ಗೊತ್ತಿರಲಿಲ್ಲ ಎಂಬುದು ಸಂಘದ ದೂರು.

ಹಾಗಂತ ದೇಶದಲ್ಲಿ ಕಾನೂನು ಇರಲಿಲ್ಲ ಅಂತಲ್ಲ. ಭೋಪಾಲ್ ಅನಿಲ ದುರಂತದ ನಂತರ, 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ ಬಂತು. ಅದರಡಿ 1989ರಲ್ಲಿ ಕುಲಾಂತರಿಗಳಿಗೆಂದೇ, ಅಂದರೆ ಹೀಗೆ ಹೊರಗಿನ ಜೀನ್ ಸೇರಿಸಿದವಕ್ಕೆಂದೇ, ನಿಯಮ ಮಾಡಿದರು. ಪ್ರಯೋಗಾಲಯಕ್ಕೊಂದು ಸಮಿತಿ, ಅದರ ಮೇಲೆ ಜೈವಿಕ ತಂತ್ರಜ್ಞಾನ ಇಲಾಖೆಯದೊಂದು ಸಮಿತಿ. ಎಲ್ಲಕ್ಕೂ ಮೇಲೆ ಪರಿಸರ ಸಚಿವಾಲಯದ ಜೆನೆಟಿಕ್ ಎಂಜಿನಿಯರಿಂಗ್ ಅನುಮೋದನಾ ಸಮಿತಿ, ಅಂದರೆ ಜಿಇಎಸಿ. ಬೀಜ ಹೊಲಕ್ಕೆ ಹೋದ ಮೇಲೆ ನೋಡಿಕೊಳ್ಳಲು ಜಿಲ್ಲಾಧಿಕಾರಿಯ ಕೆಳಗೆ ಜಿಲ್ಲಾ ಮಟ್ಟದ ಸಮಿತಿಯೂ ಇರಬೇಕು. ನಿಮ್ಮ ಜಿಲ್ಲೆಯ ಸಮಿತಿ ಯಾವತ್ತಾದರೂ ಸಭೆ ಸೇರಿದ್ದು ಕೇಳಿದ್ದೀರಾ?

ಕಾವಲು ಎಷ್ಟು ಗಟ್ಟಿ ಎಂಬುದು 2001ರಲ್ಲಿ ಗುಜರಾತಿನಲ್ಲಿ ಗೊತ್ತಾಯಿತು. ಆ ವರ್ಷ ಕಾಯಿಕೊರಕ ಜೋರು. ಎಲ್ಲರ ಹತ್ತಿ ಹಾಳಾದರೂ ಕೆಲವರದು ಮಾತ್ರ ಚೆನ್ನಾಗಿ ನಿಂತಿತ್ತು. ಪರೀಕ್ಷೆ ಮಾಡಿದರೆ ಬಿಟಿ! ಅನುಮತಿಯೇ ಇಲ್ಲದ ‘ನವಭಾರತ್ 151’ ಎಂಬ ಬೀಜ ಸಾವಿರಾರು ಎಕರೆಯಲ್ಲಿ ಬೆಳೆದು ನಿಂತಿತ್ತು. ಕಿತ್ತು ಸುಡಿ ಅಂತ ಜಿಇಎಸಿ ಹೇಳಿತು. ಅಷ್ಟರಲ್ಲಿ ಹತ್ತಿ ಬಿಡಿಸಿ ಮಾರಾಟವೂ ಶುರುವಾಗಿತ್ತು. ಮುಂದಿನ ಮಾರ್ಚಿನಲ್ಲಿ, ಅಂದರೆ 2002ರಲ್ಲಿ, ಮಹಿಕೋ ಎಂಬ ಬೀಜ ಕಂಪನಿಯ ಮೂರು ಬಿಟಿ ಹೈಬ್ರಿಡ್‌ಗಳಿಗೆ ಅಧಿಕೃತ ಒಪ್ಪಿಗೆ ಸಿಕ್ಕಿತು. ಬೀಜ ಮೊದಲು ಬಂತು, ಅನುಮತಿ ಆಮೇಲೆ.

ಒಪ್ಪಿಗೆಗೆ ಒಂದು ಷರತ್ತಿತ್ತು. ಹೊಲದ ಸುತ್ತ ಐದು ಸಾಲು, ಇಲ್ಲವೇ ಐದನೇ ಒಂದು ಭಾಗ, ಯಾವುದು ಜಾಸ್ತಿಯೋ ಅಷ್ಟು ಬಿಟಿ ಅಲ್ಲದ ಹತ್ತಿ ಹಾಕಬೇಕು. ಅದಕ್ಕೇ ಎಕರೆಗಾಗುವ 450 ಗ್ರಾಂ ಬೀಜದ ಜೊತೆ 120 ಗ್ರಾಮಿನ ಇನ್ನೊಂದು ಪುಟ್ಟ ಪೊಟ್ಟಣ ಇಡುತ್ತಿದ್ದರು. ಲೆಕ್ಕ ಸರಳ. ಬಿಟಿ ತಿಂದೂ ಬದುಕುವ ಹುಳ ಸಾವಿರಕ್ಕೊಂದೋ ಲಕ್ಷಕ್ಕೊಂದೋ ಇರುತ್ತದೆ. ಪಕ್ಕದಲ್ಲಿ ಸಾದಾ ಹತ್ತಿ ಇದ್ದರೆ ಸಾದಾ ಹುಳಗಳೂ ಬದುಕಿರುತ್ತವೆ, ಗಟ್ಟಿ ಹುಳ ಅವುಗಳ ಜೊತೆ ಕೂಡುತ್ತದೆ, ಮರಿಗಳಿಗೆ ಆ ಶಕ್ತಿ ನಿಲ್ಲುವುದಿಲ್ಲ. ಸಾದಾ ಹತ್ತಿ ಇಲ್ಲದಿದ್ದರೆ ಗಟ್ಟಿಗಳೇ ಗಟ್ಟಿಗಳನ್ನು ಕೂಡುತ್ತವೆ.

ಆದರೆ ರೈತನ ಕಡೆಯಿಂದ ನೋಡಿ. ಬೀಜಕ್ಕೆ ಸಾಲ ಮಾಡಿದ್ದಾನೆ. ಐದನೇ ಒಂದು ಭಾಗ ಹೊಲವನ್ನು ಹುಳಕ್ಕೆ ಬಿಟ್ಟುಕೊಡು ಅಂದರೆ ಬಿಡುತ್ತಾನಾ? ಯಾಕೆ ಅಂತ ಕೂತು ಬಿಡಿಸಿ ಹೇಳಿದವರೂ ಕಡಿಮೆ. ಪುಟ್ಟ ಪೊಟ್ಟಣ ಬಹುಪಾಲು ಬದುವಿನಲ್ಲೇ ಬಿತ್ತು. ಬಿತ್ತಿದ್ದೀರಾ ಅಂತ ಹೊಲಕ್ಕೆ ಬಂದು ನೋಡುವ ವ್ಯವಸ್ಥೆ ಇರಲೇ ಇಲ್ಲ. 2010ರ ಹೊತ್ತಿಗೆ ಗುಜರಾತಿನ ಗುಲಾಬಿ ಕಾಯಿಕೊರಕ ಮೊದಲ ಬಿಟಿಯನ್ನು ಅರಗಿಸಿಕೊಂಡಿತ್ತು. ಆಮೇಲೆ ಎರಡು ಜೀನಿನ ಬಿಟಿಯನ್ನೂ ಅರಗಿಸಿಕೊಂಡಿತು. ಇದೊಂದೇ ಕಾರಣ ಅಂತಲ್ಲ. ತಿಂಗಳುಗಟ್ಟಲೆ ಹೊಲದಲ್ಲೇ ನಿಲ್ಲುವ ಹೈಬ್ರಿಡ್ ಹತ್ತಿ ಹುಳಕ್ಕೆ ವರ್ಷದ ಮನೆಯಾಯಿತು, ಅದೂ ನಿಜ.

ಬೆಲೆಯ ವಿಷಯದಲ್ಲೂ ಅಷ್ಟೇ. ಪೊಟ್ಟಣಕ್ಕೆ ಸಾವಿರದ ಆರುನೂರರ ಆಸುಪಾಸು ಹೇಳುತ್ತಿದ್ದ ಕಂಪನಿಗಳನ್ನು 2006ರಲ್ಲಿ 750 ರೂಪಾಯಿಗೆ ಇಳಿಸಿದ್ದು ಜಿಇಎಸಿ ಅಲ್ಲ, ಆಂಧ್ರಪ್ರದೇಶ ಸರ್ಕಾರ ಹೂಡಿದ ಜಗಳ.

ಬದನೆಯ ಕತೆ ಕನ್ನಡಿಗರಿಗೆ ಹತ್ತಿರದ್ದು. ಧಾರವಾಡ ಕೃಷಿ ವಿಶ್ವವಿದ್ಯಾಲಯ ಬಿಟಿ ಜೀನ್ ಸೇರಿಸಲು ಆರಿಸಿದ ತಳಿಗಳಲ್ಲಿ ಉಡುಪಿಯ ಗುಳ್ಳವೂ ಇತ್ತು. ವಾದಿರಾಜರು ಕೊಟ್ಟ ಬೀಜ ಅಂತ ಮಟ್ಟು ಊರಿನವರು ನಂಬುವ, ಪರ್ಯಾಯದ ಸಾಂಬಾರಿಗೆ ಬೀಳುವ ಅದೇ ಗುಳ್ಳ. 2009ರ ಅಕ್ಟೋಬರಿನಲ್ಲಿ ಜಿಇಎಸಿ ಬಿಟಿ ಬದನೆಗೆ ಹೂಂ ಅಂದಿತು. ಪರಿಸರ ಸಚಿವ ಜೈರಾಮ್ ರಮೇಶ್ ಬೆಂಗಳೂರೂ ಸೇರಿ ಏಳು ಊರುಗಳಲ್ಲಿ ಜನರ ಮಾತು ಕೇಳಿದರು, 2010ರ ಫೆಬ್ರವರಿ 9ರಂದು ತಡೆ ಹಾಕಿದರು. ನನ್ನ ಲೆಕ್ಕದಲ್ಲಿ ಸಚಿವರು ಜನರನ್ನು ಕೇಳಿದ್ದು ಸರಿ. ಆದರೆ ಕೇಳುವುದನ್ನು ಒಬ್ಬ ಸಚಿವರ ಮರ್ಜಿಗೆ ಬಿಟ್ಟಿದ್ದು ಸರಿಯಲ್ಲ. ನಿಯಮದಲ್ಲಿ ಅದಕ್ಕೆ ಇವತ್ತಿಗೂ ಗಟ್ಟಿ ಜಾಗವಿಲ್ಲ. ಜಿಇಎಸಿಯ ಹೆಸರಿನಲ್ಲಿದ್ದ ‘ಅನುಮೋದನೆ’ ಎಂಬ ಪದ ಹೋಗಿ ‘ಮೌಲ್ಯಮಾಪನ’ ಬಂತು. ಬಾಂಗ್ಲಾದೇಶ 2013ರಲ್ಲಿ ಬಿಟಿ ಬದನೆಗೆ ಒಪ್ಪಿತು. ನಮ್ಮ ತಡೆ ಮುಂದುವರಿಯಿತು.

ಕುಲಾಂತರಿ ಸಾಸಿವೆ ಕೋರ್ಟಿನಲ್ಲಿ ಸಿಕ್ಕಿಕೊಂಡಿದೆ. ದೆಹಲಿ ವಿಶ್ವವಿದ್ಯಾಲಯದ ಡಿಎಂಎಚ್-11 ಎಂಬ ಸಾಸಿವೆಗೆ 2022ರಲ್ಲಿ ಒಪ್ಪಿಗೆ ಬಂತು. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ತೀರ್ಪು ಕೊಟ್ಟರು. ನಮ್ಮವರೇ ಆದ ಬಿ.ವಿ. ನಾಗರತ್ನ ಒಪ್ಪಿಗೆ ರದ್ದು ಅಂದರು, ಸಂಜಯ್ ಕರೋಲ್ ಸರಿ ಇದೆ ಅಂದರು. ಕುಲಾಂತರಿಗಳಿಗೆ ಒಂದು ರಾಷ್ಟ್ರೀಯ ನೀತಿ ಮಾಡಿ ಎಂಬಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು.

ಈ ಗಲಾಟೆಯ ನಡುವೆ ಹೆಚ್ಚು ಸದ್ದಿಲ್ಲದೆ ಇನ್ನೊಂದು ಬಾಗಿಲು ತೆರೆಯಿತು: ಜೀನ್ ಎಡಿಟಿಂಗ್. ಕುಲಾಂತರಿ ಅಂದರೆ ಬೇರೆ ಪುಸ್ತಕದ ಸಾಲನ್ನು ತಂದು ಇದರಲ್ಲಿ ಸೇರಿಸಿದ ಹಾಗೆ. ಎಡಿಟಿಂಗ್ ಹಾಗಲ್ಲ. ‘ಕತ್ತೆ’ಯ ಒತ್ತು ಅಳಿಸಿದರೆ ‘ಕತೆ’ ಆಗುತ್ತದಲ್ವಾ, ಹಾಗೆ. ಹೊರಗಿನದೇನೂ ಸೇರುವುದಿಲ್ಲ, ಅರ್ಥ ಮಾತ್ರ ಬದಲು. ಯುರೋಪಿನ ಕೋರ್ಟು 2018ರಲ್ಲಿ ಇದಕ್ಕೂ ಕುಲಾಂತರಿಯ ನಿಯಮವೇ ಅಂದಿತು. ಅರ್ಜೆಂಟೀನಾ 2015ರಲ್ಲೇ ಪ್ರತ್ಯೇಕ ದಾರಿ ಮಾಡಿತ್ತು. ಭಾರತ 2022ರ ಮಾರ್ಚ್ 30ರಂದು ಅರ್ಜೆಂಟೀನಾದ ದಾರಿಯ ಕಡೆ ತಿರುಗಿತು: ಎಡಿಟ್ ಮಾಡುವಾಗ ಬಳಸಿದ ಹೊರಗಿನ ಡಿಎನ್‌ಎ ಕೊನೆಗೆ ಗಿಡದಲ್ಲಿ ಉಳಿದಿಲ್ಲ ಎಂದು ತೋರಿಸಿದರೆ ಜಿಇಎಸಿಗೆ ಹೋಗಬೇಕಿಲ್ಲ.

ಇದರಲ್ಲಿ ನ್ಯಾಯವಿದೆ. ಹಳೆಯ ಕಾಲದಿಂದ ವಿಕಿರಣ ಹಾಯಿಸಿ ಮಾಡಿದ ತಳಿಗಳಲ್ಲಿ ಎಷ್ಟು ಒತ್ತು ಅಳಿಸಿದೆಯೋ ಯಾರೂ ಎಣಿಸಿಲ್ಲ, ಅವಕ್ಕೆ ಈ ಪರೀಕ್ಷೆಯೇ ಇಲ್ಲ. ಆದರೆ ಕಷ್ಟದ ಪ್ರಶ್ನೆ ಗೇಟಿನಲ್ಲಿಲ್ಲ, ಗೇಟು ದಾಟಿದ ಮೇಲಿದೆ. ಬೀಜದ ಬೆಲೆ ಯಾರು ನೋಡುತ್ತಾರೆ? ಎಡಿಟ್ ಮಾಡುವ ಸಲಕರಣೆಯ ಪೇಟೆಂಟ್ ಹೊರದೇಶದವರ ಕೈಯಲ್ಲಿದೆ, ಅದರ ಬಾಡಿಗೆ ಯಾರ ತಲೆಗೆ? ಬಿಟಿ ಹತ್ತಿಯ ಪುಟ್ಟ ಪೊಟ್ಟಣದ ಗತಿ ನೋಡಿದವರಿಗೆ ಇದು ಸುಮ್ನೆ ಕೇಳುವ ಪ್ರಶ್ನೆ ಅನ್ನಿಸುವುದಿಲ್ಲ.

2025ರ ಮೇ 4ರಂದು ಎರಡು ಎಡಿಟ್ ಮಾಡಿದ ಭತ್ತದ ತಳಿಗಳನ್ನು ಕೇಂದ್ರ ಕೃಷಿ ಸಚಿವರು ಪ್ರಕಟಿಸಿದರು. ಒಂದು ಹೈದರಾಬಾದಿನ ‘ಕಮಲಾ’. ಅದರ ತಾಯಿ ಸಾಂಬಾ ಮಸೂರಿ, ಅಂದರೆ ಬಿಪಿಟಿ 5204. ಸಿಂಧನೂರು, ಗಂಗಾವತಿಯ ಕಾಲುವೆ ಗದ್ದೆಯವರು ಬಿಪಿಟಿ ಅಂತ ಕರೆಯುವ ಅದೇ ಭತ್ತ. ಕಾಳಿನ ಸಂಖ್ಯೆಗೆ ಕಡಿವಾಣ ಹಾಕುವ ಒಂದು ಜೀನನ್ನು ಸುಮ್ಮನಾಗಿಸಿದ್ದಾರೆ. ಇಳುವರಿ ಜಾಸ್ತಿ, ಸುಮಾರು 20 ದಿನ ಬೇಗ ಕೊಯ್ಲು ಎಂದು ವಿಜ್ಞಾನಿಗಳು ಹೇಳುತ್ತಾರೆ. ಬೀಜ ಕೈಯಲ್ಲಿ ಹಿಡಿದು ನೋಡಿದರೆ ವ್ಯತ್ಯಾಸ ಗೊತ್ತಾಗದು. ನಾಳೆ ತುಂಗಭದ್ರಾ ಕಾಲುವೆಯ ಪಕ್ಕ ಯಾರಾದರೂ ಇದನ್ನು ನಾಟಿ ಮಾಡಿದರೆ ಬದುವಿನ ಆಚೆಯವನಿಗೆ ತಿಳಿಯುವುದು ಬಹುಶಃ ಒಂದೇ ರೀತಿಯಲ್ಲಿ: ಅವನ ಗದ್ದೆ ಇನ್ನೂ ಹಸಿರಾಗಿರುವಾಗ ಇವನದು ಹಣ್ಣಾಗಿರುತ್ತದೆ.