ವೈಟ್ ಡ್ರೂಪ್‌ಲೆಟ್: ಈ ಬಿಳಿ ಬಣ್ಣ ಬೂದಿ ರೋಗದ್ದಲ್ಲ

ಅಮೆರಿಕದಲ್ಲಿ ಹಿತ್ತಲಲ್ಲಿ ರಾಸ್‌ಬೆರಿ ಹಾಕಿಕೊಂಡಿರುವ ನಮ್ಮವರಿಂದ ಬೇಸಿಗೆಯಲ್ಲಿ ಬರುವ ಫೋಟೊ ಒಂದೇ ಥರ. ಪುಟ್ಟ ಕಾಳುಗಳನ್ನು ಒತ್ತಾಗಿ ಜೋಡಿಸಿದಂಥ ಹಣ್ಣು ಕೆಂಪಗಿದೆ, ಒಂದು ಪಕ್ಕದ ನಾಲ್ಕಾರು ಕಾಳು ಮಾತ್ರ ಬೆಳ್ಳಗಿವೆ. ಜೊತೆಗೆ ತೀರ್ಪೂ ಬಂದಿರುತ್ತದೆ: ‘ಬೂದಿ ರೋಗ, ಗಂಧಕ ಹೊಡೆಯಬೇಕಂತೆ.’

ಬೂದಿ ರೋಗ ಫಂಗಸ್‌ನಿಂದ ಬರುವುದು. ಅದರ ಬಿಳಿ ಪುಡಿ ಎಲೆ, ಚಿಗುರು, ಕಾಯಿಯ ಮೇಲೆ ಕೂತಿರುತ್ತದೆ, ಉಜ್ಜಿದರೆ ಬೆರಳಿಗೆ ಹತ್ತುತ್ತದೆ. ಇಲ್ಲಿ ಉಜ್ಜಲು ಏನೂ ಇಲ್ಲ, ಕಾಳಿಗೇ ಬಣ್ಣವಿಲ್ಲ. ಇದಕ್ಕೆ ವೈಟ್ ಡ್ರೂಪ್‌ಲೆಟ್ ಅನ್ನುತ್ತಾರೆ. ಇದು ರೋಗವಲ್ಲ, ಅಂಟುವುದಿಲ್ಲ.

ಡ್ರೂಪ್ ಅಂದರೆ ಒಳಗೆ ಗಟ್ಟಿ ಓಟೆ ಇರುವ ಹಣ್ಣು. ಮಾವು, ಪೀಚ್, ಆಲಿವ್ ಎಲ್ಲ ಡ್ರೂಪ್‌ಗಳೇ. ಪದ ಗ್ರೀಕ್‌ನಿಂದ ಲ್ಯಾಟಿನ್‌ಗೆ ಬಂದದ್ದು, ಆಗ ಅದರ ಅರ್ಥ ಅತಿಯಾಗಿ ಕಳಿತ ಆಲಿವ್. ‘ಲೆಟ್’ ಸೇರಿದರೆ ಪುಟಾಣಿ ಡ್ರೂಪ್. ರಾಸ್‌ಬೆರಿಯ ಒಂದೇ ಹೂವಿನಲ್ಲಿ ಹತ್ತಾರು ಅಂಡಾಶಯಗಳಿರುತ್ತವೆ. ಒಂದೊಂದೂ ತನ್ನದೇ ಓಟೆ ಕಟ್ಟಿಕೊಂಡು ಒಂದು ಕಾಳಾಗುತ್ತದೆ. ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತಲ್ಲ, ಅದೇ ಆ ಓಟೆ. ಅಂದರೆ ನಾವು ಒಂದು ಹಣ್ಣು ಅನ್ನುವುದು ಹಣ್ಣುಗಳ ಗೊಂಚಲು. (ಸಸ್ಯಶಾಸ್ತ್ರದ ಲೆಕ್ಕದಲ್ಲಿ ರಾಸ್‌ಬೆರಿ ‘ಬೆರಿ’ಯೇ ಅಲ್ಲ. ಟೊಮ್ಯಾಟೊ ಬೆರಿ! ಇರಲಿ.) ಇಷ್ಟು ತಿಳಿದರೆ ಒಂದು ಕಾಳು ಬೆಳ್ಳಗಾಗಿ ಪಕ್ಕದ್ದು ಕೆಂಪಗೇ ಉಳಿಯುವುದರಲ್ಲಿ ಆಶ್ಚರ್ಯ ಕಾಣುವುದಿಲ್ಲ. ಬಿಸಿಲಿಗೆ ಸಿಕ್ಕಿದ್ದು ಕೆಟ್ಟಿತು, ಎಲೆ ಮರೆಯಲ್ಲಿದ್ದದ್ದು ಉಳಿಯಿತು.

ಕಾರಣ ನೇರಳಾತೀತ ಕಿರಣ, ಜೊತೆಗೆ ಸೆಖೆ. ತಂಪಾದ, ಮೋಡದ ದಿನಗಳು ಮುಗಿದು ದಿಢೀರನೆ ಒಣ ಬಿಸಿಲು ಬಿದ್ದಾಗ ಇದು ಜಾಸ್ತಿ. ಗಾಳಿಯಲ್ಲಿ ತೇವವಿದ್ದರೆ ಕಿರಣ ಒಂದಿಷ್ಟು ಚದುರುತ್ತದೆ, ಒಣಗಾಳಿಯಲ್ಲಿ ನೇರವಾಗಿ ಕಾಳಿಗೇ ಬಡಿಯುತ್ತದೆ. ತಾಪ ಇನ್ನೂ ಏರಿದರೆ ಕಾಳು ಬೆಂದೇ ಹೋಗುತ್ತದೆ. 2021ರ ಜೂನ್ ಕೊನೆಯಲ್ಲಿ ಪೋರ್ಟ್‌ಲೆಂಡ್‌ನಲ್ಲಿ 46 ಡಿಗ್ರಿ ದಾಟಿದಾಗ ಆರೆಗನ್, ವಾಷಿಂಗ್ಟನ್ ರಾಜ್ಯಗಳ ರಾಸ್‌ಬೆರಿ ಗಿಡದಲ್ಲೇ ಸುಟ್ಟಿತು.

ಹಾಗಾಗಿ ಮೊದಲು ಬಿಳಿ ಯಾವ ಪಕ್ಕದಲ್ಲಿದೆ ನೋಡಿ. ಬಿಸಿಲಿನ ಪಕ್ಕದಲ್ಲೇ ಇದ್ದರೆ ಹುಡುಕಾಟ ಅಲ್ಲಿಗೇ ನಿಲ್ಲಿಸಬಹುದು. ಅಲ್ಲೊಂದು ಇಲ್ಲೊಂದು ಕಾಳು ಬಿಳುಚಿದ್ದರೆ ರಸ ಹೀರುವ ತಿಗಣೆಯನ್ನು ಹುಡುಕಿ. ಬೂದು ಬಣ್ಣದ ನವಿರು ಬೂಷ್ಟು ಮಳೆ, ತೇವದ ಕೊಡುಗೆ, ಅದು ಬೇರೆಯೇ ಕಥೆ.

ಗಂಧಕದ ಸಲಹೆಗೆ ನನಗೆ ಸಿಟ್ಟು ಬರುವುದು ಸುಮ್ನೆ ಅಲ್ಲ. 32 ಡಿಗ್ರಿ ಆಸುಪಾಸಿನ ಸೆಖೆಯಲ್ಲಿ ಗಂಧಕ ಹೊಡೆದರೆ ಎಲೆಯೇ ಸುಡುತ್ತದೆ. ಹಣ್ಣಿಗಿದ್ದ ನೆರಳೂ ಹೋಯಿತು, ಅಲ್ವಾ? ಬೇಕಿರುವುದು ಮಧ್ಯಾಹ್ನದ ಹೊತ್ತಿಗೆ ತೆಳು ನೆರಳುಬಲೆ. ಹೊಸದಾಗಿ ಸಾಲು ಹಾಕುವವರು ಉತ್ತರ–ದಕ್ಷಿಣವಾಗಿ ಹಾಕಲಿ. ರಾಸ್‌ಬೆರಿಯ ಕೆರೊಲಿನ್ ತಳಿ ವೈಟ್ ಡ್ರೂಪ್‌ಲೆಟ್‌ಗೆ ಬೇಗ ತುತ್ತಾಗುತ್ತದೆ. ಬಿಳಿ ಕಾಳನ್ನು ತಿನ್ನಬಹುದು, ರುಚಿ ಸ್ವಲ್ಪ ಸಪ್ಪೆ. ಜಾಮ್‌ನಲ್ಲಿ ಗೊತ್ತೇ ಆಗುವುದಿಲ್ಲ.